ಖಾನಾಪುರದಲ್ಲಿ ದೀಪ ಹೋದ ಹೊತ್ತು

ನಾನು ನಾಟಕ ಕಂಪನಿಯಲ್ಲಿ ದೀಪ ನೋಡಿಕೊಂಡಿದ್ದವನು. ಬಣ್ಣ ಹಚ್ಚಲಿಲ್ಲ, ಹಾಡಲಿಲ್ಲ, ಹಸ್ತಪತ್ರಿಕೆಯಲ್ಲಿ ನನ್ನ ಹೆಸರು ಒಂದು ಸಲವೂ ಅಚ್ಚಾಗಲಿಲ್ಲ. ದೀಪ ಚೆನ್ನಾಗಿ ಉರಿದ ದಿನ ದೀಪದವನೊಬ್ಬ ಇದ್ದಾನೆಂದು ಯಾರಿಗೂ ಹೊಳೆಯುವುದಿಲ್ಲ. ಕೆಟ್ಟ ದಿನ ಮಾತ್ರ ಅವನ ಮುತ್ತಜ್ಜನ ತನಕ ಎಲ್ಲರ ಉದ್ಧಾರವಾಗುತ್ತದೆ. ಈಗ ಮಂಟಪಗಳಲ್ಲಿ, ಥೇಟರುಗಳಲ್ಲಿ ಕರೆಂಟಿನ ಕೆಲಸಕ್ಕೆ ಸೇರುವ ತರುಣರು ಕಂಡಾಗಲೆಲ್ಲ ‘ನಿಮ್ಮ ಕಾಲದಾಗ ಹೆಂಗಿತ್ರೀ ಅಜ್ಜಾರ’ ಎಂದು ಕೇಳುತ್ತಾರೆ. ತಂತಿ, ಬಲ್ಬುಗಳ ವಿಷಯ ಅವರಿಗೆ ನನಗಿಂತ ಹೆಚ್ಚು ಗೊತ್ತು. ದೀಪ ಹೋದಾಗ ಅದರ ಕೆಳಗೆ ನಿಂತಿದ್ದ ಮನುಷ್ಯನಿಗೆ ಏನಾಗುತ್ತದೆ ಎಂಬುದು ಮಾತ್ರ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಗೊತ್ತಾದದ್ದನ್ನು ಬರೆಯಲು ಕುಳಿತಿದ್ದೇನೆ, ಬರೆಯುವುದರಲ್ಲಿ ಸುಖವೇನೂ ಇಲ್ಲ.

ನಮ್ಮದು ಅನಗೋಳ. ಆಗ ಅದು ಬೆಳಗಾವಿಯ ಹೊರಗಿನ ಹಳ್ಳಿ. ಇಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮೀಸೆ ತಿದ್ದುವ ವಯಸ್ಸಿನವನು. ನಾಟಕದ ಹುಚ್ಚಿಗೆ ಬಿದ್ದು ಕಂಪನಿಯ ಬಾಗಿಲಿಗೆ ಹೋದೆ. ಮಾಲಕರು ನನ್ನ ದನಿ ಕೇಳಿ, ‘ತಮ್ಮಾ, ನಿನ್ನ ಹಾಡು ಕೇಳಿದ್ರ ಮಂದಿ ಟಿಕೀಟ ವಾಪಸ್ ಕೊಡ್ತಾರ. ಹುಸೇನ ಚಾಚಾನ ಹತ್ತರ ಹೋಗು, ದೀಪಾ ಹಚ್ಚಾಕ ಕಲಿ’ ಎಂದು ಕಳಿಸಿದರು. ಕಲಾವಿದನಾಗಬೇಕೆಂದು ಹೋದವನು ಸೀಮೆಎಣ್ಣೆಯ ಡಬ್ಬಿ ಹೊತ್ತೆ.

ಹುಸೇನ ಚಾಚಾ ಕಂಪನಿಯ ದೀಪದ ಉಸ್ತಾದ. ಹುಬ್ಬುಗಳೆರಡೂ ಸುಟ್ಟುಹೋಗಿ ಮತ್ತೆ ಬೆಳೆದೇ ಇರಲಿಲ್ಲ. ರಂಗದ ಮುಂದೆ ನಾಲ್ಕು, ಎರಡೂ ಬಾಜುವಿಗೆ ಒಂದೊಂದು ಗ್ಯಾಸಬತ್ತಿ. ಪಂಪು ಹೊಡೆದು ಗಾಳಿ ತುಂಬಿದರೆ ಸೊಂಯ್ ಎಂದು ಸದ್ದು ಮಾಡುತ್ತ ಬೆಳ್ಳಗೆ ಉರಿಯುತ್ತಿದ್ದವು. ಬಲೆಯಂಥ ಮ್ಯಾಂಟಲ್ ಒಮ್ಮೆ ಸುಟ್ಟಿತೆಂದರೆ ಬರೀ ಬೂದಿ. ತಬಲದವನು ಜೋರಾಗಿ ಬಾರಿಸಿದರೂ ಉದುರಿ ಬೀಳುವುದಿತ್ತು. ಮಳೆಗಾಲದಲ್ಲಿ ಹುಳುಗಳು ಗಾಜಿನೊಳಗೆ ನುಗ್ಗಿ ಮ್ಯಾಂಟಲನ್ನು ಒಡೆಯುತ್ತಿದ್ದವು. ಆಟ ಶುರುವಾಗುವ ಮುಂಚೆ ಎಣ್ಣೆ ಸೋಸುವುದು, ಪಿನ್ನಿನಿಂದ ಎಣ್ಣೆ ಬರುವ ತೂತು ಚೊಕ್ಕ ಮಾಡುವುದು, ಹೊಸ ಮ್ಯಾಂಟಲ್‌ಗಳನ್ನು ಅರಳೆಯಲ್ಲಿ ಸುತ್ತಿ ಕೈಗೆಟಕುವಲ್ಲಿ ಇಡುವುದು, ಇವಿಷ್ಟು ಆದರೆ ಅರ್ಧ ಕೆಲಸ ಆದ ಹಾಗೆ.

ಚಾಚಾ ಒಂದು ಕಟ್ಟಳೆ ಮಾಡಿದ್ದರು. ಪರದೆಯ ಹಿಂದೆ, ದೀಪದವನ ಮಗ್ಗುಲಲ್ಲಿ ಒಂದು ಸಣ್ಣ ಕಂದೀಲು ಆಟ ಮುಗಿಯುವವರೆಗೂ ಉರಿಯಲೇಬೇಕು. ಅದು ನಾಟಕಕ್ಕಲ್ಲ. ‘ಬೇಟಾ, ಇದು ನಿನ್ನ ಕೈಗೆ ಇಟ್ಟ ದೀಪ. ದೊಡ್ಡ ದೀಪಾ ಹೋದಾಗ ನಿನ್ನ ಕೈ ನಿನಗ ಕಾಣಬೇಕೋ ಬ್ಯಾಡೋ?’ ಎನ್ನುತ್ತಿದ್ದರು.

ಕಂಪನಿಯಲ್ಲಿ ಇನ್ನೊಂದು ಕಟ್ಟಳೆ ಪಾತ್ರಧಾರಿಗಳಿಗೆ. ದೀಪ ಹೋದರೆ ರಂಗದ ಮೇಲಿದ್ದವರು ಮಾತು ನಿಲ್ಲಿಸಬೇಕು, ನಿಂತ ಹೆಜ್ಜೆ ಕದಲಿಸಬಾರದು, ಬಾಯಿಗೆ ಬಂದ ಪದ ಎತ್ತಿ ಹಾಡಬೇಕು. ಹಾಡು ನಡೆದಿರುವ ತನಕ ಜನ ಗದ್ದಲ ಮಾಡುವುದಿಲ್ಲ, ಕತ್ತಲಲ್ಲಿ ಹೆಂಗಸರು ಮಕ್ಕಳು ಹೆದರುವುದಿಲ್ಲ, ದೀಪ ಹೊತ್ತು ಓಡಿಬರುವ ನಮಗೂ ಯಾರು ಎಲ್ಲಿದ್ದಾರೆಂದು ತಿಳಿದು ಡಿಕ್ಕಿ ಹೊಡೆಯುವುದಿಲ್ಲ.

ಈ ಕಟ್ಟಳೆಯ ಬೆಲೆ ನನಗೆ ತಿಳಿದದ್ದು ಮೊದಲ ವರ್ಷವೇ, ಬೆಳಗಾವಿಯ ತಗಡಿನ ಥೇಟರಿನಲ್ಲಿ. ಮಳೆಗೆ ಬಾಯಿ ತೆರೆದಿದ್ದ ಡಬ್ಬಿಯಿಂದ ನಾನು ಸೋಸದೆ ಎಣ್ಣೆ ತುಂಬಿದ್ದೆ. ನೀರು ಸೇರಿತ್ತು. ಯುದ್ಧದ ಸೀನು ನಡೆದಾಗ ದೀಪಗಳು ಪಟಪಟ ಅಂದು ಒಂದರ ಹಿಂದೊಂದು ಪ್ರಾಣ ಬಿಟ್ಟವು. ರಾಜ ಎತ್ತಿದ ಖಡ್ಗ ಎತ್ತಿದಂತೆಯೇ ನಿಂತು ಭಕ್ತಿಪದ ಹಾಡಿದ, ಸಾಯಬೇಕಾದ ವೈರಿ ಅವನ ಕಾಲ ಬುಡದಲ್ಲೇ ಬಿದ್ದುಕೊಂಡು ದನಿಗೂಡಿಸಿದ. ದೀಪ ಬಂದಾಗ ಇಬ್ಬರೂ ಎಷ್ಟು ಪ್ರೀತಿಯಿಂದ ಹಾಡುತ್ತಿದ್ದರೆಂದರೆ ಮತ್ತೆ ಕಡಿದಾಡಿದ್ದನ್ನು ಜನ ನಂಬಲಿಲ್ಲ. ಮಾಲಕರು ನನ್ನ ಕಿವಿ ಹಿಡಿದು, ‘ನೀರ ಕುಡಿಸಿ ದೀಪಾ ಹಚ್ಚಾವ ಜಗತ್ತಿನಾಗ ನೀ ಒಬ್ಬನ ನೋಡು’ ಎಂದರು.

ಆ ದಿನ ಎಲ್ಲರಿಗಿಂತ ಮೊದಲು ಪದ ಎತ್ತಿದವರು ರಾಣಿಯ ವೇಷದಲ್ಲಿ ಮೂಲೆಗೆ ನಿಂತಿದ್ದ ನಿಂಗಪ್ಪ ಮಾಸ್ತರರು. ಉಳಿದವರು ತಬ್ಬಿಬ್ಬಾಗಿ ನಿಂತಾಗ ಅವರ ದನಿ ಆಗಲೇ ಮೇಲೇರಿತ್ತು. ಮುಂದೆಯೂ ಎಷ್ಟು ಸಲ ದೀಪ ಕೆಟ್ಟಿತೋ ಅಷ್ಟು ಸಲವೂ ಅವರದೇ ಮೊದಲ ದನಿ. ನಮಗೆಲ್ಲ ಅದೊಂದು ಬೆರಗು.

ಮಾಸ್ತರರು ಶಹಾಪುರದ ನೇಕಾರರ ಮನೆಯವರು. ಆಗ ಹೆಣ್ಣಿನ ಪಾತ್ರಗಳನ್ನು ಗಂಡಸರೇ ಮಾಡಬೇಕಿತ್ತು. ಮಾಸ್ತರರು ಇಪ್ಪತ್ತು ವರ್ಷ ಅದೊಂದನ್ನೇ ಮಾಡಿದವರು. ಅವರು ಸೆರಗು ಹೊದ್ದುಕೊಳ್ಳುವ ರೀತಿಯನ್ನು ನೋಡಲೆಂದೇ ಬೆಳಗಾವಿಯ ಮನೆತನಸ್ಥ ಹೆಣ್ಣುಮಕ್ಕಳು ಬರುತ್ತಿದ್ದರು. ಮದುವೆ ಆಗಲಿಲ್ಲ. ‘ಒಂದ ಮನ್ಯಾಗ ಇಬ್ಬರ ಹೆಂಗಸರು ಯಾಕ ಬೇಕೋ’ ಎಂದು ನಗುತ್ತಿದ್ದರು.

ಒಂದು ಸಂಜೆ ಅವರು ಬಣ್ಣ ಮುಗಿಸಿ ಬಂದಾಗ ಕುಂಕುಮ ಹುಬ್ಬಿನ ಮೇಲೆ ಕೂತಿತ್ತು. ನಾನು ನಕ್ಕು ಒರೆಸಿ ಸರಿಮಾಡಿದೆ. ಅವರು ನಗಲಿಲ್ಲ. ನನ್ನ ಕೈ ಗಟ್ಟಿಯಾಗಿ ಹಿಡಿದು, ‘ಬಾಳೂ, ಕಣ್ಣ ಮಂಜ ಆಗ್ಯಾವ. ಬೆಳಕ ಕಾಣತೈತಿ, ಮಾರಿ ಕಾಣೂದಿಲ್ಲ. ಮಾಲಕರಿಗಿ ಗೊತ್ತಾದ್ರ ನನ್ನ ಮನಿಗಿ ಕಳಸ್ತಾರ. ಈ ವಯಸ್ಸಿನಾಗ ನಾ ಮನಿಗಿ ಹೋಗಿ ಏನ ಆಗ್ಲಿ? ಗಂಡಸಾಗೂದ ಮರತೇತಿ’ ಎಂದರು.

‘ನಾ ಇರೂ ತನಕ ನಿಮ್ಮ ಹೆಜ್ಜಿ ತಪ್ಪಾಂಗಿಲ್ರೀ ಮಾಸ್ತರ’ ಎಂದೆ. ಅದನ್ನು ನಡೆಸಿಕೊಟ್ಟೆ ಕೂಡ. ರಂಗದ ಮುಂದಿನ ನಾಲ್ಕು ದೀಪಗಳನ್ನು ದಿನವೂ ಬೆರಳಿನ ಅಳತೆಯಲ್ಲಿ ಅದೇ ಜಾಗಕ್ಕೆ ಇಡುತ್ತಿದ್ದೆ. ಜಮಖಾನೆಯ ಅಂಚು ರಂಗದ ತುದಿಗೆ ಒಂದು ಮೊಳ ಈಚೆ ಬರುವಂತೆ ಹಾಸಿ, ಅದು ಅಂಗಾಲಿಗೆ ಸಿಗುವ ಹಾಗೆ ಕೆಳಗೆ ಹಗ್ಗ ಹೊಲಿದೆ. ಮಾಸ್ತರರು ಬರಿಗಾಲಿನಲ್ಲಿ ನಡೆದಾಡಿ ತಮ್ಮ ಜಾಗ ಹಿಡಿಯುತ್ತಿದ್ದರು. ಹೊರಗಿನವರಿಗೆ ಕಾಣುತ್ತಿದ್ದುದು ನಾಚಿಕೆಯಿಂದ ನೆಲ ನೋಡಿಕೊಂಡು ನಡೆಯುವ ಹೆಣ್ಣು. ಹೀಗೆ ಮೂರು ವರ್ಷ ಸಾಗಿತು.

ಚಾಚಾ ತೀರಿಕೊಂಡ ಮೇಲೆ ದೀಪದ ಪೂರಾ ಜವಾಬ್ದಾರಿ ನನಗೆ ಬಂತು. ಅದೇ ಸುಮಾರಿಗೆ ಮಾಲಕರು ಎಲ್ಲಿಂದಲೋ ಒಂದು ಹಳೆಯ ಆಯಿಲ್ ಎಂಜಿನ್ನು, ಒಂದು ಡೈನಮೊ ತಂದರು. ವಿದ್ಯುದ್ದೀಪದಲ್ಲಿ ನಾಟಕ! ಎಂಜಿನ್ನಿನ ಜೊತೆ ಬಂದ ಮಿಸ್ತ್ರಿಯಿಂದ ಎರಡು ತಿಂಗಳು ಕಲಿತೆ. ಬೆಳಕು ಏರಿಸಿ ಇಳಿಸುವ ವಿದ್ಯೆಯೂ ಬಂತು. ಒಂದು ಮಣ್ಣಿನ ಗಡಿಗೆಯಲ್ಲಿ ಉಪ್ಪುನೀರು, ಅದರಲ್ಲಿ ಎರಡು ಸೀಸದ ತಗಡು. ಮೇಲಿನ ತಗಡನ್ನು ಎತ್ತಿದರೆ ಬಲ್ಬು ಮಂಕಾಗುತ್ತದೆ, ಇಳಿಸಿದರೆ ಬೆಳಗುತ್ತದೆ. ಸೂರ್ಯಚಂದ್ರರು ನನ್ನ ಮಾತು ಕೇಳುತ್ತಾರೆಂಬಷ್ಟು ಸೊಕ್ಕು ಬಂತು ನನಗೆ. ಗ್ಯಾಸಬತ್ತಿಯ ಹೆಸರೆತ್ತಿದರೆ ಮೂಗು ಮುರಿಯುತ್ತಿದ್ದೆ.

ಮಾಸ್ತರರು ಹೊಸ ದೀಪದ ಕೆಳಗೆ ನಿಂತು ತಲೆ ವಾಲಿಸಿ ಕೇಳಿದರು. ‘ಇದು ಸದ್ದ ಮಾಡೂದಿಲ್ಲೇನೋ?’

‘ಅದ ಇದರ ಹೆಚ್ಚುಗಾರಿಕಿ ಐತ್ರೀ. ಪಿಸುಮಾತ ಸುದ್ದಾ ಕೊನೀ ಸಾಲಿಗಿ ಕೇಳಸ್ತೈತಿ.’

‘ಹೌದಪಾ, ಚಲೋನ ಆತು’ ಎಂದವರು, ‘ಆದ್ರೂ ಮುಂದ ಒಂದ ಗ್ಯಾಸಬತ್ತಿ ಇರ್ಲಿ ಬಾಳೂ. ಹಳೇ ರೂಢಿ ನಂದು’ ಎಂದರು.

‘ವಿದ್ಯುತ್ತಿನ ದೀಪದ ಬಾಜೂಕ ಗ್ಯಾಸಬತ್ತಿ ಇಟ್ರ ಮಂದಿ ನಗತಾರ್ರೀ ಮಾಸ್ತರ’ ಎಂದೆ. ಅವರು ಎರಡನೆಯ ಸಲ ಕೇಳಲಿಲ್ಲ.

ಈ ಮಾತನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಹಿಂದಕ್ಕೆ ತೆಗೆದುಕೊಂಡಿದ್ದೇನೋ ಲೆಕ್ಕವಿಲ್ಲ. ಮುಂದೆ ಒಂದು ಗ್ಯಾಸಬತ್ತಿ ಉರಿದಿದ್ದರೆ ಜನ ಏನೂ ನಗುತ್ತಿರಲಿಲ್ಲ. ನನ್ನ ಹೆಚ್ಚುಗಾರಿಕೆಗೆ ಕಡಿಮೆಯಾಗುತ್ತಿತ್ತು, ಅಷ್ಟೇ.

ಆ ಚಳಿಗಾಲ ಕಂಪನಿ ಖಾನಾಪುರಕ್ಕೆ ಹೊರಟಿತು. ಎಂಜಿನ್ನನ್ನು ಎತ್ತಿನ ಗಾಡಿಗೆ ಹೇರಿ, ಪೀರನವಾಡಿಯಲ್ಲಿ ಎತ್ತುಗಳಿಗೆ ನೀರು ಕುಡಿಸಿ, ಎರಡು ದಿನ ನಡೆದು ಮುಟ್ಟಿದೆವು. ಊರ ಬಯಲಿನಲ್ಲಿ ಬಿದಿರಿನ ತಟ್ಟಿಯ ಥೇಟರು ಎದ್ದಿತು. ಸುತ್ತಿನ ಹಳ್ಳಿಗಳ ಜನ ಎಂಜಿನ್ನು ನೋಡಲು ಹಗಲೇ ನೆರೆಯುತ್ತಿದ್ದರು. ನಾನು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಭಾಷಣ ಬಿಗಿಯುತ್ತಿದ್ದೆ. ‘ಬಘಾ, ನೋಡ್ರಿ, ಇವತ್ತ ರಂಗದ ಮ್ಯಾಲ ಹಗಲ ಇದ್ದದ್ದು ಕತ್ತಲಿ ಆಕ್ಕೈತಿ, ಕತ್ತಲಿ ಇದ್ದದ್ದು ಹಗಲ ಆಕ್ಕೈತಿ. ಹೆದರಬ್ಯಾಡ್ರಿ, ಎಲ್ಲಾ ನನ್ನ ಕೈಯಾಗ ಐತಿ.’ ಊರೂರು ಆ ಸುದ್ದಿ ಹಬ್ಬಿತು. ನನಗೆ ಬೇಕಾಗಿದ್ದೂ ಅದೇ.

ಮೊದಲ ದಿನದ ಆಟ ದೂರದವರಿಗೆ ಅನುಕೂಲವಾಗಲೆಂದು ಸಂಜೆ ಕಪ್ಪಾಗುತ್ತಲೇ ಶುರುವಾಯಿತು. ಕಾಲಿಡಲು ಜಾಗವಿಲ್ಲ. ಹೊಸ ಊರಿನಲ್ಲಿ ಕಣ್ಣು ಕೋರೈಸಲೆಂದು ಯಾರನ್ನೂ ಕೇಳದೆ ಎರಡು ದೊಡ್ಡ ಬಲ್ಬು ಹೆಚ್ಚಿಗೆ ಹಾಕಿದ್ದೆ. ಫ್ಯೂಜಿನ ತಂತಿ ಮಾತ್ರ ಹಳೆಯದೇ. ಅಷ್ಟು ಭಾರ ಅದು ತಡೆಯುತ್ತದೆಯೇ ಎಂದು ನೋಡಲಿಲ್ಲ.

ಎರಡನೆಯ ಅಂಕದ ನಡುವೆ ಮಾಸ್ತರರ ದೊಡ್ಡ ಸೀನು. ಕಳೆದುಹೋದ ಕೂಸನ್ನು ಕಾಡಿನಲ್ಲಿ ಹುಡುಕುವ ತಾಯಿ. ರಂಗದ ಮೇಲೆ ಅವರೊಬ್ಬರೇ, ಪದವಿಲ್ಲ, ಬರೀ ಮಾತು. ಸೀನಿನ ಮೊದಲಿಗೆ ಬೆಳಕು ಇಳಿಯಬೇಕು, ನಡುವೆ ಚಂದ್ರ ಮೂಡಿದಂತೆ ಏರಬೇಕು. ಚಾಚಾ ಹೇಳಿದ ಕಂದೀಲು ಪರದೆಯ ಸಂದಿಯಿಂದ ಕಂಡು ನನ್ನ ಕತ್ತಲನ್ನು ಕೆಡಿಸುತ್ತಿತ್ತೆಂದು ಅದನ್ನೂ ಊದಿಬಿಟ್ಟೆ. ಗಡಿಗೆಯ ತಗಡು ಎತ್ತಿದೆ. ಬೆಳಕು ಚೆಂದವಾಗಿ ಇಳಿಯಿತು. ಜನ ಆಹಾ ಎಂದರು. ಮಾಸ್ತರರು ಮುಂದೆ ಬಂದು ‘ಯವ್ವಾ ಕಾಡತಾಯಿ, ನನ್ನ ಕೂಸ ನಿನ್ನ ಮಡಲಾಗ ಐತೇನು’ ಎಂದು ಕೈಚಾಚಿದರು. ನಾನು ತಗಡು ಇಳಿಸಿದೆ. ಎಲ್ಲ ಬಲ್ಬುಗಳೂ ಒಮ್ಮೆ ಫಳ್ಳನೆ ಹೊಳೆದು ಪೂರ್ತಿ ಕತ್ತಲಾಯಿತು.

ಹೊರಗೆ ಎಂಜಿನ್ನು ಧಗ್ ಧಗ್ ಎಂದು ಓಡುತ್ತಲೇ ಇತ್ತು. ಹೋದದ್ದು ಫ್ಯೂಜು. ತಂತಿ ಹುಡುಕಿ ಕಡ್ಡಿ ಗೀರಿದೆ. ತಂತಿ ಬಿಗಿಯಲು ಎರಡು ಕೈ ಬೇಕು, ಕಡ್ಡಿ ಹಿಡಿಯಲು ಮೂರನೆಯದು ಎಲ್ಲಿಂದ ತರಲಿ? ಕಡ್ಡಿ ಆರುತ್ತಿತ್ತು, ಬೆರಳು ಸುಡುತ್ತಿತ್ತು. ಮಾಸ್ತರರು ಈಗ ಪದ ಎತ್ತುತ್ತಾರೆ, ಈಗ ಎತ್ತುತ್ತಾರೆ ಎಂದು ಕಾದೆ. ಹಾರ್ಮೋನಿಯಂನವನೂ ಕಾದಿರಬೇಕು, ಇಲ್ಲವೆ ಇದೂ ನನ್ನದೊಂದು ಕರಾಮತ್ತು ಎಂದುಕೊಂಡನೋ ಏನೋ. ಪದ ಬರಲಿಲ್ಲ. ಮಾಸ್ತರರ ಮಾತು ನಿಲ್ಲದೆ ಸಾಗಿತ್ತು. ಹೆಜ್ಜೆ ಹಾಕುತ್ತಿದ್ದರು, ಬಳೆಯ ಸದ್ದು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಬರುತ್ತಿತ್ತು. ಜನ ಗದ್ದಲ ಮಾಡಲಿಲ್ಲ. ಹಗಲೆಲ್ಲ ನಾನು ಹೇಳಿದ್ದು ಕೇಳಿದ್ದರಲ್ಲ, ಈ ಕತ್ತಲೆಯೂ ಆಟದ್ದೇ ಎಂದುಕೊಂಡು ಉಸಿರು ಬಿಗಿಹಿಡಿದು ಕುಳಿತಿದ್ದರು.

ತಂತಿ ಕೂತು ದೀಪ ಬಂದಾಗ ಮಾಸ್ತರರು ನೆಲಕ್ಕೆ ಕುಳಿತು ಕೊನೆಯ ಮಾತು ಹೇಳುತ್ತಿದ್ದರು. ಪರದೆ ಬಿತ್ತು. ತಟ್ಟಿ ಕಳಚಿ ಬೀಳುವ ಹಾಗೆ ಚಪ್ಪಾಳೆ.

ಕತ್ತಲನ್ನೂ ಲೆಕ್ಕಿಸದೆ ಸೀನು ಉಳಿಸಿದರಲ್ಲ, ಎಂಥ ಗಟ್ಟಿಗರು ಎಂದುಕೊಂಡು ಎದುರಿಗೆ ಓಡಿದೆ. ನನ್ನನ್ನು ಬೈಯಲೆಂದು ಮಾಲಕರೂ ಅಲ್ಲಿಗೆ ಬಂದಿದ್ದರು. ಮಾಸ್ತರರು ಬೆವರಿದ ಮುಖದಲ್ಲಿ ನಗುತ್ತ, ನನ್ನ ಹೆಗಲು ತಡವಿ ಹಿಡಿದು ಕೇಳಿದರು. ‘ದೀಪಾ ಇಳಿಸಿ ಏರಿಸಿದ್ದು ಬರೋಬರಿ ಬಂತೇನೋ ಬಾಳೂ? ಚಂದ್ರ ಚಲೋ ಮೂಡಿದನೇನು?’

ದೀಪ ಹೋದದ್ದೇ ಅವರಿಗೆ ಗೊತ್ತಾಗಿರಲಿಲ್ಲ. ಮಂಜು ಅಲ್ಲ, ಆ ಕಣ್ಣಿಗೆ ಬೆಳಕು ಕತ್ತಲೆಯ ಭೇದವೇ ಉಳಿದಿರಲಿಲ್ಲ. ಬೆಳಕು ಕಾಣುತ್ತದೆ ಎಂದು ನನಗೆ ಹೇಳಿದ್ದು ಮೊದಲಿಗೆ ನಿಜವಿದ್ದಿರಬಹುದು, ಆಮೇಲಿನದನ್ನು ನನಗೂ ಹೇಳಿರಲಿಲ್ಲ. ಗ್ಯಾಸಬತ್ತಿಯ ದಿನಗಳಲ್ಲಿ ಎಲ್ಲರಿಗಿಂತ ಮೊದಲು ಪದ ಎತ್ತುತ್ತಿದ್ದದ್ದು ಕಿವಿಯ ಬಲದಿಂದ. ಸೊಂಯ್ ಎನ್ನುವ ಸದ್ದು ಕುಗ್ಗಿದ ಕೂಡಲೇ ದೀಪ ಸಾಯುತ್ತಿದೆ ಎಂದು ಅವರಿಗೆ ತಿಳಿಯುತ್ತಿತ್ತು. ನಾನು ತಂದ ದೀಪ ಸದ್ದಿಲ್ಲದೆ ಉರಿದು ಸದ್ದಿಲ್ಲದೆ ಹೋಯಿತು.

ಮಾಲಕರಿಗೂ ಆ ಒಂದು ಪ್ರಶ್ನೆಯಲ್ಲಿ ಎಲ್ಲ ತಿಳಿಯಿತು. ಬಾಯಿ ತೆರೆದರೆ ಬೈಗುಳವೇ ಬರುವ ಮನುಷ್ಯ ಮಾಸ್ತರರ ಕೈ ಹಿಡಿದು, ‘ಮಸ್ತ ಆತು ನಿಂಗಪ್ಪಾ. ಹೋಗು, ನೀರ ಕುಡಿ’ ಎಂದರು. ಮಾಸ್ತರರು ಅತ್ತ ಹೋದ ಮೇಲೆ ನನ್ನನ್ನು ಎಂಜಿನ್ನಿನ ಹಿಂದೆ ಕರೆದೊಯ್ದರು.

‘ನಿನಗ ಗೊತ್ತಿತ್ತಲ್ಲ?’

‘ಇಷ್ಟ ಅಂತ ಗೊತ್ತಿರಲಿಲ್ರೀ.’

‘ನಾಳೆ ಅಂವ ರಂಗದ ಮ್ಯಾಲಿಂದ ಕೆಳಗ ಬಿದ್ದ ಸತ್ರ ಯಾರ ಹೊಣಿ? ಇನ್ನ ಅವನ್ನ ರಂಗದ ಮ್ಯಾಲ ನಿಲ್ಲಸಾಂಗಿಲ್ಲ ನಾ.’ ಆಮೇಲೆ ದನಿ ತಗ್ಗಿಸಿ ಹೇಳಿದರು. ‘ದೀಪಾ ಹೋಗಿತ್ತಂತ ಅವಗ ಯಾರೂ ಹೇಳಬಾರ್ದು. ಮಂದಿ ಕುಣದಾಡಿ ಚಪ್ಪಾಳಿ ಹೊಡದಾರ. ಅದನ್ನ ತಗೊಂಡ ಹೋಗ್ಲಿ ಪಾಪ.’

ವಾರ ಕಳೆದ ಮೇಲೆ, ಹೊಸ ಹುಡುಗ ಬರುತ್ತಾನೆ, ನಿನಗೂ ವಯಸ್ಸಾಯಿತು ಎಂದು ಹೇಳಿ ಮಾಸ್ತರರನ್ನು ಶಹಾಪುರಕ್ಕೆ ಕಳಿಸಿದರು. ಖಾನಾಪುರದ ಸ್ಟೇಶನ್ನಿನಲ್ಲಿ ರೈಲು ಹತ್ತಿಸಿದವನು ನಾನು. ‘ನೀ ಹೆಜ್ಜಿ ತಪ್ಪಿಸಲಿಲ್ಲ ಬಾಳೂ’ ಎಂದರು.

ಕೆಲಸ ಕಲಿಯುವವರು ಇಲ್ಲಿಗೆ ನಿಲ್ಲಿಸಿದರೂ ಸಾಕು. ಫ್ಯೂಜು ನೋಡದೆ ಬಲ್ಬು ಹೆಚ್ಚಿಸಬೇಡಿ, ಕೈದೀಪ ಆರಿಸಬೇಡಿ, ರಂಗದ ಮೇಲೆ ನಿಲ್ಲುವವನು ಏನಾದರೂ ಬೇಕೆಂದರೆ ಯಾಕೆಂದು ಕೇಳಿ. ಆಮೇಲೆ ಆದದ್ದು ಕೆಲಸಕ್ಕೆ ಸಂಬಂಧಿಸಿದ್ದಲ್ಲ. ಆದರೆ ನನ್ನನ್ನು ತಿನ್ನುತ್ತಿರುವುದು ಅದೇ.

ಎರಡು ವರ್ಷ ಬಿಟ್ಟು ಒಂದು ಮಧ್ಯಾಹ್ನ ಶಹಾಪುರಕ್ಕೆ ಹೋದೆ. ತಮ್ಮನ ಮನೆಯ ಪಡಸಾಲೆಯಲ್ಲಿ ಮಗ್ಗಗಳು ಟಕಟಕ ಎನ್ನುತ್ತಿದ್ದವು. ಮಾಸ್ತರರು ಮೂಲೆಯಲ್ಲಿ ರಾಟಿಯ ಮುಂದೆ ಕುಳಿತು ನೇಯುವವರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದರು. ಆ ಕೆಲಸಕ್ಕೆ ಕಣ್ಣು ಬೇಕಾಗಿಲ್ಲ. ದನಿಯಿಂದಲೇ ನನ್ನ ಗುರುತು ಹಿಡಿದು, ‘ಬಾರೋ, ಕುಂದರು’ ಎಂದು ಪಕ್ಕಕ್ಕೆ ಸರಿದರು. ತಮ್ಮನ ಹೆಂಡತಿ ಚಹಾ ತಂದಿಟ್ಟಳು. ಮಾತು ಖಾನಾಪುರಕ್ಕೆ ಬಂತು, ಬರದೆ ಇರುತ್ತದೆಯೇ?

‘ಒಂದ ಕೆಮ್ಮಿಲ್ಲ, ಒಂದ ಕೂಸ ಅಳಲಿಲ್ಲ’ ಎಂದರು. ಮುಖವೆಲ್ಲ ಅರಳಿತ್ತು. ‘ಅಷ್ಟ ಮಂದಿ ಕಣ್ಣ ನನ್ನ ಮೈಮ್ಯಾಲ ಅದಾವಂತ ನನಗ ಗೊತ್ತಾಗತಿತ್ತೋ. ಇಪ್ಪತ್ತ ವರ್ಷ ಮಾಡಿದ್ದು ಅವತ್ತ ಒಂದ ದಿವಸ ಸಾರ್ಥಕ ಆತು. ದಿನಾ ಅದನ್ನ ನೆನಸಕೋತ ಇದನ್ನ ಸುತ್ತತೀನಿ.’

ನಾನು ಸುಮ್ಮನಿರಬೇಕಿತ್ತು. ಮಾಲಕರಂಥ ಒರಟ ಮನುಷ್ಯ ಉಳಿಸಿಕೊಟ್ಟದ್ದನ್ನು ಮಾಸ್ತರರ ಗೆಳೆಯನೆನಿಸಿಕೊಂಡ ನಾನು ಕಸಿದುಕೊಂಡೆ. ಎರಡು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಭಾರವಾಗಿತ್ತು, ಅವರ ಕಾಲು ಹಿಡಿದರೆ ಇಳಿಯುತ್ತದೆ ಎಂದುಕೊಂಡೆ. ಹೇಳಿಬಿಟ್ಟೆ. ಎರಡು ಬಲ್ಬು, ಫ್ಯೂಜು, ಆರಿಸಿದ ಕಂದೀಲು, ಇಡದೆ ಹೋದ ಗ್ಯಾಸಬತ್ತಿ, ಎಲ್ಲವನ್ನೂ ಅಳುತ್ತ ಹೇಳಿದೆ. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ಕಾದೆ.

ರಾಟಿ ನಿಂತಿತು. ‘ಯಾವಾಗ ಹೋತು ದೀಪಾ?’ ಎಂದು ಕೇಳಿದರು.

‘ಕಾಡತಾಯಿ ಅಂತ ಕೈ ಚಾಚಿದ್ರಲ್ರೀ, ಆವಾಗ.’

‘ಬಂದದ್ದು?’

‘ನೀವು ನೆಲಕ್ಕ ಕುಂತ ಮ್ಯಾಲ.’

ಅವರು ಕುಳಿತಲ್ಲೇ ಹಣೆಯ ಮೇಲೆ ಕೈಯಿಟ್ಟು ದೂರ ನೋಡಿದರು. ತುಂಡು ಧೋತರ ಉಟ್ಟ, ಗಡ್ಡ ಬಂದ ಮುದುಕ, ಒಂದು ಕ್ಷಣದಲ್ಲಿ ಆ ತಾಯಿಯಾದರು. ‘ಇದು ಕಂಡಿತ್ತೇನು ಮಂದಿಗಿ?’

‘ಇಲ್ರೀ ಮಾಸ್ತರ.’

ಇಲ್ಲದ ಸೆರಗನ್ನು ಮುದ್ದೆ ಮಾಡಿ ಕೂಸಿನಂತೆ ಎದೆಗೆ ಒತ್ತಿಕೊಂಡರು. ‘ಇದು?’

‘ಇಲ್ರೀ.’

ಮುಂದಕ್ಕೆ ಬಾಗಿ, ಕೂಸು ಮಲಗಿದ್ದ ಹುಲ್ಲನ್ನು ಬೆರಳಿನಿಂದ ಸವರಿ, ಆ ಬೆರಳುಗಳನ್ನು ಮೂಗಿಗೆ ಹಿಡಿದು ವಾಸನೆ ನೋಡಿದರು. ತಾಲೀಮಿನಲ್ಲಾಗಲಿ ಆಟದಲ್ಲಾಗಲಿ ಅದನ್ನು ನಾನು ಎಂದೂ ಕಂಡಿರಲಿಲ್ಲ. ಆ ಸಂಜೆಯೇ ಹೊಸದಾಗಿ ಬಂದದ್ದು.

‘ಇದು?’

‘ಇದು ಕಂಡಿತ್ರೀ’ ಎಂದೆ. ‘ಎಲ್ಲಾರೂ ನೋಡಿದ್ರು.’

‘ಸುಳ್ಳ ಹೇಳಬ್ಯಾಡೋ ತಮ್ಮಾ’ ಎಂದರು ಮಾಸ್ತರರು. ‘ಇದು ಕುಂದರೂಕಿಂತ ಮೊದಲಿಂದು.’ ಆಮೇಲೆ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬಾಳೂನ ಚಹಾ ಆರಿಹೋಗಿದೆ, ಬಿಸಿ ಮಾಡಿಕೊಡು ಎಂದು ಒಳಗಿದ್ದವಳಿಗೆ ಕೂಗಿ ಹೇಳಿದರು.